ಬಂಗುಡೆ ಬಿಟ್ಟು ಅಂಜಲ್ ತಿಂದ ಮಗಳು: ಕಾಸರಗೋಡು ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ನಮಸ್ಕಾರ. ನಾನು ಕುಂಬಳೆ ಕಡೆಯವಳು. ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾಗಿದ್ದೇನೆ. ಮಗಳಿಗೆ ಈಗ ಆರು ತಿಂಗಳು, ಹೆರಿಗೆಗೆಂದು ನಮ್ಮಲ್ಲಿಗೇ ಬಂದಿದ್ದಾಳೆ. ಈ ಪತ್ರ ಅವಳ ಊಟದ ತಟ್ಟೆಯಿಂದ ಶುರುವಾದದ್ದು.

ಕೆಲವು ವಾರಗಳ ಹಿಂದೆ ಅವಳನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಅಲ್ಲಿ ಒಂದು ಕರಪತ್ರ ಕೊಟ್ಟರು, ಇಂಗ್ಲಿಷಿನದು. ಪಾದರಸ ಜಾಸ್ತಿ ಇರುವ ಮೀನು ಬಸುರಿಯರು ತಿನ್ನಬಾರದು ಅಂತ ಬರೆದು ಕೆಳಗೆ ನಾಲ್ಕು ಹೆಸರು ಹಾಕಿದ್ದರು. ಶಾರ್ಕ್, ಸ್ವೋರ್ಡ್‌ಫಿಶ್, ಕಿಂಗ್ ಮ್ಯಾಕೆರೆಲ್, ಟೈಲ್‌ಫಿಶ್. ಇದರಲ್ಲಿ ನನಗೆ ಗುರುತು ಸಿಕ್ಕಿದ್ದು ಎರಡೇ. ಶಾರ್ಕ್ ಅಂದರೆ ನಮ್ಮ ತಾಟೆ. ಮ್ಯಾಕೆರೆಲ್ ಅಂದರೆ ಬಂಗುಡೆ, ಅದನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಹಾಗಾದರೆ ಕಿಂಗ್ ಮ್ಯಾಕೆರೆಲ್ ಅಂದರೆ ದೊಡ್ಡ ಬಂಗುಡೆಯೇ ಇರಬೇಕು ಅಂದುಕೊಂಡೆ. ಸಂಶಯಕ್ಕೆ ನರ್ಸ್ ಹತ್ತಿರವೂ ಕೇಳಿದೆ. "ಇರಬೇಕು ಟೀಚರೇ" ಅಂದರು. ಅವರಿಗೂ ಹಿಂದೆ ದೊಡ್ಡ ಸಾಲು ನಿಂತಿತ್ತು.

ಮನೆಗೆ ಬಂದು ಬಂಗುಡೆ ಬಂದ್ ಮಾಡಿದೆವು. ಬಸುರಿ ಹೆಂಗಸಿಗೆ ಮೀನೇ ಇಲ್ಲ ಅಂದರೆ ಆಗುತ್ತದಾ? ಬದಲಿಗೆ ಒಳ್ಳೆ ಮೀನೇ ಕೊಡೋಣ ಅಂತ ವಾರಕ್ಕೆ ಎರಡು ಮೂರು ಸಲ ಅಂಜಲ್ ತಂದೆ. ದುಡ್ಡಿನ ಮುಖ ನೋಡಲಿಲ್ಲ.

ಮೂರು ವಾರ ಕಳೆದ ಮೇಲೆ ನನ್ನ ಹಳೆ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಮಾತಿನ ನಡುವೆ ಈ ಸುದ್ದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಟೀಚರೇ, ಕಿಂಗ್ ಮ್ಯಾಕೆರೆಲ್ ಅಂದರೆ ಬಂಗುಡೆ ಅಲ್ಲ. ಅದು ಅಮೆರಿಕದ ಕಡಲಿನ ಮೀನು. ನಮ್ಮ ಅಂಜಲ್‌ನ ಅಣ್ಣತಮ್ಮ" ಅಂದ.

ಅಂದರೆ ಬಿಡಬಾರದ ಮೀನು ಬಿಟ್ಟು, ಹಿತಮಿತದಲ್ಲಿ ತಿನ್ನಬೇಕಾದ ಮೀನನ್ನು ನಾನೇ ಕೈಯಾರೆ ಹುರಿದು ಬಡಿಸಿದ್ದೆ. ನರ್ಸ್ ಮೇಲೆ ನನಗೆ ಸಿಟ್ಟಿಲ್ಲ. ಓದುಬರಹ ಗೊತ್ತಿರುವ ನನಗೇ ಹೀಗಾದರೆ ಉಳಿದವರ ಕತೆ ಏನು ಅಂತ ಯೋಚನೆ ಬಂತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ.

ಪಾದರಸ ಕಡಲಿಗೆ ಬರಲು ಪಕ್ಕದಲ್ಲೇ ಕಾರ್ಖಾನೆ ಇರಬೇಕಂತಿಲ್ಲ. ಕಲ್ಲಿದ್ದಲು ಸುಟ್ಟಾಗ ಅದು ಹೊಗೆಯ ಜೊತೆ ಮೇಲೆ ಹೋಗುತ್ತದೆ. ಗಾಳಿಯಲ್ಲಿ ಸಾವಿರಾರು ಮೈಲಿ ತಿರುಗಿ ಮಳೆಯ ಜೊತೆ ಕೆಳಗೆ ಬೀಳುತ್ತದೆ. ಬೇರೆ ದೇಶಗಳಲ್ಲಿ ಸಣ್ಣ ಪ್ರಮಾಣದ ಚಿನ್ನದ ಗಣಿಯವರು ಚಿನ್ನ ಬೇರ್ಪಡಿಸಲು ಸುರಿಯುವ ಪಾದರಸವೂ ಕಡೆಗೆ ನೀರನ್ನೇ ಸೇರುತ್ತದೆ. ಹಾಗೆ ಸೇರಿದ್ದು ಗಾಳಿಯಾಡದ ಕೆಸರಿನಲ್ಲಿ ಕೂತಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಮೈಗೆ ಅಂಟಿಕೊಳ್ಳುವುದು ಈ ರೂಪ. ನೀರಿನ ಸಣ್ಣ ಜೀವಿಗಳ ಮೈಗೆ ಸೇರುತ್ತದೆ, ಅವನ್ನು ತಿನ್ನುವ ಸಣ್ಣ ಮೀನು ಬೂತಾಯಿಗೆ, ಬೂತಾಯಿ ತಿನ್ನುವ ಟ್ಯೂನಾ ಅಂದರೆ ನಮ್ಮ ಕೇದರ್‌ಗೆ, ಅಂಜಲ್‌ಗೆ, ತಾಟೆಗೆ. ಒಂದೊಂದು ಮೆಟ್ಟಿಲು ಹತ್ತುವಾಗಲೂ ಪ್ರಮಾಣ ಏರುತ್ತದೆ. ಮೇಲಿನ ಮೆಟ್ಟಿಲಿನ ಮೀನಿನ ಮೈಯಲ್ಲಿ ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಾಲು ಹೆಚ್ಚೂ ಆಗಬಹುದು. ಮೀನು ದೊಡ್ಡದಾದಷ್ಟು, ವಯಸ್ಸಾದಷ್ಟು ಜಾಸ್ತಿ.

ಇನ್ನೊಂದು ವಿಷಯ ನಮ್ಮ ಅಡುಗೆಮನೆಯವರಿಗೆ ಗೊತ್ತಿರಬೇಕು. ಮೀಥೈಲ್ ಪಾದರಸ ಮೀನಿನ ಮಾಂಸದ ಪ್ರೋಟೀನಿಗೇ ಕಚ್ಚಿಕೊಂಡಿರುತ್ತದೆ. ಉಪ್ಪು ಹಾಕಿ ತಿಕ್ಕಿದರೂ, ಅರಶಿನ ಹಚ್ಚಿದರೂ, ಹುಣಸೆಹುಳಿಯಲ್ಲಿ ಕುದಿಸಿದರೂ ಅದು ಹೋಗುವುದಿಲ್ಲ. "ಚೆನ್ನಾಗಿ ತೊಳೆದು ಬೇಯಿಸಿ" ಅನ್ನುವ ಸಲಹೆ ಬೇರೆ ಕಾಯಿಲೆಗೆ ಸರಿ, ಇದಕ್ಕೆ ನಾಟುವುದಿಲ್ಲ.

ಜಪಾನಿನ ಮಿನಮಾಟ ಕೊಲ್ಲಿಯ ಕತೆ ತಾವು ಓದಿರುತ್ತೀರಿ. ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ವರ್ಷಗಟ್ಟಲೆ ಕಡಲಿಗೆ ಬಿಟ್ಟಿತ್ತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಮೀನುಗಾರರ ಮನೆಗಳಲ್ಲಿ ಕೈಕಾಲು ನಡುಕ, ಕಣ್ಣು ಮಂಜು, ಮಾತು ತೊದಲು. 1956ರ ಮೇ 1ರಂದು ಈ ಕಾಯಿಲೆಯ ವರದಿ ಅಧಿಕೃತವಾಗಿ ದಾಖಲಾಯಿತು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎರಡಕ್ಕೂ ಸಂಬಂಧ ಇಲ್ಲ ಬಿಡಿ, ಟೀಚರ್ ಆಗಿದ್ದವಳಿಗೆ ಇಸವಿ ಜೋಡಿಸುವ ಚಟ. ಆದರೆ ಕಾರಣ ಆ ಕಾರ್ಖಾನೆಯೇ ಅಂತ ಜಪಾನ್ ಸರ್ಕಾರ ಒಪ್ಪಿಕೊಳ್ಳುವಾಗ 1968 ಆಗಿತ್ತು. ನಡುವೆ 12 ವರ್ಷ ಜನ ಅದೇ ಕಡಲಿನ ಮೀನು ತಿಂದರು.

ಅಲ್ಲಿ ನನ್ನನ್ನು ಕಾಡಿದ್ದು ತಾಯಂದಿರ ವಿಷಯ. ಎಷ್ಟೋ ತಾಯಂದಿರಿಗೆ ಹೆಚ್ಚೇನೂ ಆಗಿರಲಿಲ್ಲ, ಹುಟ್ಟಿದ ಮಗುವಿಗೆ ಆಗಿತ್ತು. ಮೀಥೈಲ್ ಪಾದರಸ ಮಾಸು ದಾಟಿ ಹೋಗುತ್ತದೆ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ತಾಯಿಯ ರಕ್ತಕ್ಕಿಂತಲೂ ಹೆಚ್ಚಿರುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪೆಟ್ಟಿಗೆಯಲ್ಲಿ ತೆಗೆದಿಡುವ ಪದ್ಧತಿ ಜಪಾನಿನಲ್ಲಿದೆ. ವರ್ಷಗಳ ನಂತರ ಆ ತುಂಡುಗಳನ್ನು ಪರೀಕ್ಷೆ ಮಾಡಿ, ಯಾವ ಮಗು ಹೊಟ್ಟೆಯಲ್ಲಿದ್ದಾಗ ಎಷ್ಟು ಪಾದರಸ ಸೇರಿತ್ತು ಅಂತ ಲೆಕ್ಕ ಹಾಕಿದರು. ನೆನಪಿಗೆ ಇಟ್ಟದ್ದು ಸಾಕ್ಷಿ ಆಯಿತು.

ನಮ್ಮ ಕಡಲು ಮಿನಮಾಟ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸೇಶೆಲ್ಸ್ ದ್ವೀಪದ ತಾಯಂದಿರು ವಾರಕ್ಕೆ ಹತ್ತು ಹನ್ನೆರಡು ಊಟ ಮೀನೇ ತಿನ್ನುವವರು. ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿಗಳಿಗೆ ಸ್ಪಷ್ಟವಾದ ತೊಂದರೆ ಕಾಣಲಿಲ್ಲ. ಫೇರೋ ದ್ವೀಪದಲ್ಲಿ ಕಂಡಿತು, ಆದರೆ ಅಲ್ಲಿನವರು ತಿನ್ನುತ್ತಿದ್ದದ್ದು ತಿಮಿಂಗಿಲ ಜಾತಿಯ ಮಾಂಸ. ಮೀನಿನಲ್ಲಿ ಮಗುವಿನ ಮಿದುಳಿಗೆ ಬೇಕಾದ ಒಮೇಗಾ-3 ಕೊಬ್ಬಿದೆ, ಅಯೋಡಿನ್ ಇದೆ, ಒಳ್ಳೆ ಪ್ರೋಟೀನ್ ಇದೆ. ಮೀನು ಪೂರ್ತಿ ಬಿಟ್ಟರೆ ಅದೂ ನಷ್ಟವೇ. ಹಾಗಾಗಿ ಯಾವ ಮೀನು, ಎಷ್ಟು ತುಂಡು ಅನ್ನುವುದು ತಿಳಿಯಬೇಕು.

ಒಂದು ಸಣ್ಣ ಲೆಕ್ಕ ಮಾಡಿದೆ. ಬೋರ್ಡಿನ ಮೇಲೆ ಬರೆದ ಹಾಗೆ ಇಲ್ಲಿ ಬರೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒ ತಜ್ಞರ ಸಮಿತಿ 2003ರಲ್ಲಿ ಹೇಳಿದ ಮಿತಿ, ದೇಹತೂಕದ ಒಂದು ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಹೊಟ್ಟೆಯ ಮಗುವನ್ನು ಕಾಪಾಡಲು ಇಟ್ಟ ಮಿತಿ ಇದು. ನನ್ನ ಮಗಳು 50 ಕಿಲೋ ಅಂತ ಇಟ್ಟುಕೊಳ್ಳಿ. ವಾರಕ್ಕೆ 80 ಮೈಕ್ರೋಗ್ರಾಂ. ನಮ್ಮ ದೇಶದ ಆಹಾರ ನಿಯಮದಲ್ಲಿ ಸಾಮಾನ್ಯ ಮೀನಿನ ಪಾದರಸಕ್ಕೆ ಇಟ್ಟ ಮಿತಿ ಕಿಲೋಗೆ 0.5 ಮಿಲಿಗ್ರಾಂ, ಅಂದರೆ 500 ಮೈಕ್ರೋಗ್ರಾಂ. ಒಂದು ಮೀನಿನಲ್ಲಿ ಸರಿಯಾಗಿ ಅಷ್ಟೇ ಇದೆ, ಅದು ಹೆಚ್ಚುಕಡಿಮೆ ಎಲ್ಲ ಮೀಥೈಲ್ ರೂಪದಲ್ಲೇ ಇದೆ ಅಂತಾದರೆ 160 ಗ್ರಾಂ ತಿಂದಾಗ ಅವಳ ವಾರದ ಪಾಲು ಮುಗಿಯಿತು. ಅಂಜಲಿನ ಎರಡು ತುಂಡು! ಅದೇ ಕಿಲೋಗೆ 0.05 ಮಿಲಿಗ್ರಾಂ ಇರುವ ಮೀನಾದರೆ ವಾರಕ್ಕೆ ಒಂದೂವರೆ ಕಿಲೋ ತಿಂದರೂ ಹೆದರಿಕೆ ಇಲ್ಲ.

ಇವು ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು. ಕುಂಬಳೆ ಮಾರ್ಕೆಟಿನ ಅಂಜಲ್‌ನಲ್ಲಿ ಇಷ್ಟಿದೆ ಅಂತ ಅಲ್ಲ. ಎಷ್ಟಿದೆ ಅಂತ ಹೇಳುವ ಒಂದು ಚೀಟಿಯನ್ನೂ ನಾನು ಇಲ್ಲಿನ ಮಾರ್ಕೆಟಿನಲ್ಲಿ ಕಂಡಿಲ್ಲ. ಕಾನೂನಿನ ಮಿತಿಯೊಳಗೇ ಇದ್ದ ಮೀನೂ ಬಸುರಿಗೆ ಜಾಸ್ತಿ ಆಗಬಹುದು ಅನ್ನುವುದನ್ನು ಮಾತ್ರ ಈ ಲೆಕ್ಕ ತೋರಿಸುತ್ತದೆ. "ಪಾಸಾಗಿದೆ" ಅಂತ ಹೇಳಿದರೆ ಸಾಲದು, ಸಂಖ್ಯೆಯೇ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮ ಪದ್ಧತಿ ಬೇರೆ ಇದಕ್ಕೆ ತಿರುಗುಮುರುಗು ಇದೆ ನೋಡಿ. ಬಯಕೆ ಊಟಕ್ಕೆ ಅಂಜಲ್ ಆದರೆ ಮರ್ಯಾದೆ, ಬೂತಾಯಿ ಹಾಕಿದರೆ ಅವಮಾನ. ಬಾಣಂತಿಗೆ ಹಾಲು ಬರಲಿ ಅಂತ ತಾಟೆ ಮೀನಿನ ಸಾರು. ನನಗೂ ನನ್ನ ಅಮ್ಮ ಕೊಟ್ಟಿದ್ದಳು. ಹಿಂದೆ ಅದಕ್ಕೆ ಗೇಣುದ್ದದ ಮರಿ ತಾಟೆ ತರುತ್ತಿದ್ದರು, ಅದರಲ್ಲಿ ಕಡಿಮೆ ಇರುತ್ತಿತ್ತೋ ಏನೋ. ಈಗ ಮಾರ್ಕೆಟಿನಲ್ಲಿ ಕಡಿದಿಟ್ಟ ತುಂಡು ಸಿಗುತ್ತದೆ, ಮೀನು ಎಷ್ಟು ದೊಡ್ಡದಿತ್ತು ಅಂತ ಯಾರಿಗೆ ಗೊತ್ತು? ಬೂತಾಯಿ, ಬಂಗುಡೆ, ಕೊಲ್ಲತರು, ಇಂಥ ಸಣ್ಣ ಆಯುಸ್ಸಿನ ಮೀನುಗಳಲ್ಲೇ ಪಾದರಸ ಕಡಿಮೆ, ಒಮೇಗಾ-3 ಧಾರಾಳ. ಬಡವರ ಮೀನು ಅಂತ ಮೂಗು ಮುರಿಯುತ್ತಿದ್ದೆವಲ್ಲ, ಅವೇ.

ಪಾದರಸ ಒಂದೇ ಅಲ್ಲ. ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷದ ಲೋಹ ಏಡಿಯ ತಲೆಭಾಗದ ಮೆತ್ತನೆಯ ಕಂದು ಪದಾರ್ಥದಲ್ಲಿ, ಸ್ಕ್ವಿಡ್ ಅಂದರೆ ನಮ್ಮ ಬೊಂಡಾಸ್‌ನ ಒಳಗಿನ ಭಾಗದಲ್ಲಿ ಕೂಡಿರುತ್ತದೆ. ಮನುಷ್ಯರ ಮೂತ್ರಪಿಂಡಕ್ಕೆ ಸೇರಿದರೆ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಒಳಭಾಗ ತೆಗೆದು ಬಿಸಾಡಿದರೆ ಬಹುಪಾಲು ಹೋಗುತ್ತದೆ. ಇದು ಎಷ್ಟು ಸುಲಭದ ಉಪಾಯ, ಆದರೆ ಹೇಳುವವರು ಬೇಕಲ್ಲ. ನಮ್ಮಲ್ಲಿ ಏಡಿಯ ಆ ಭಾಗಕ್ಕೇ ಜಗಳ! ಮರುವಾಯಿ, ಪಚ್ಚಿಲೆ ಅನ್ನುವ ಚಿಪ್ಪುಜೀವಿಗಳ ಮಾತು ಇನ್ನೊಂದು. ಅವು ಒಂದೇ ಜಾಗದಲ್ಲಿ ಕೂತು ನೀರು ಸೋಸಿ ಬದುಕುವ ಜೀವಿಗಳು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆಯಲ್ಲಿ ಏನು ಹರಿಯುತ್ತದೋ ಅದರ ಗುರುತು ಅವುಗಳ ಮೈಯಲ್ಲಿ ಉಳಿಯುತ್ತದೆ. ಅಂಜಲ್ ಊರೂರು ಸುತ್ತುವ ಮೀನು, ಅದರ ಪಾದರಸಕ್ಕೆ ನಾವು ಯಾರನ್ನೂ ದೂರುವ ಹಾಗಿಲ್ಲ. ಮರುವಾಯಿಯಲ್ಲಿ ಸಿಕ್ಕಿದ್ದು ನಮ್ಮ ಹೊಳೆಯದ್ದೇ. ಆರ್ಸೆನಿಕ್ ಅಂತ ಕೇಳಿದರೆ ಜನ ಬೆಚ್ಚುತ್ತಾರೆ. ಮೀನಿನಲ್ಲಿರುವ ಆರ್ಸೆನಿಕ್ ಹೆಚ್ಚಿನದು ಹಾನಿ ಮಾಡದ ರೂಪದ್ದು, ಒಟ್ಟು ಲೆಕ್ಕ ಕೊಟ್ಟು ಹೆದರಿಸಬಾರದು.

ಸೀಸದ ವಿಷಯದಲ್ಲಿ ಮೀನಿಗಿಂತ ಮೀನುಗಾರರ ಮನೆಯೇ ನನಗೆ ಚಿಂತೆ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಸೀಸದ್ದು. ಹಳೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದನ್ನು ಮನೆಯ ಹಿಂದಿನ ಒಲೆಯಲ್ಲೇ ಮಾಡುವುದನ್ನು ನಾನು ಕಂಡಿದ್ದೇನೆ. ಸುತ್ತ ಮಕ್ಕಳು ಕೂತಿರುತ್ತಾರೆ, ಮಿಣಿ ಮಿಣಿ ಹೊಳೆಯುವುದನ್ನು ನೋಡಲು ಅವರಿಗೆ ಖುಷಿ. ಅಂಥ ಮನೆಯ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲೇ ಇದ್ದ. ಕಿಸೆಯಲ್ಲಿ ಸೀಸದ ಗುಂಡು ಇಟ್ಟುಕೊಂಡು ಗೋಲಿ ಆಡುತ್ತಿದ್ದ, ಬಾಯಿಗೂ ಹಾಕುತ್ತಿದ್ದ. ನಾನು ಬೈದದ್ದು ಪಾಠದ ಹೊತ್ತಿಗೆ ಆಟ ಅಂತ. ವಿಷ ಅಂತ ಆಗ ನನಗೇ ಗೊತ್ತಿರಲಿಲ್ಲ. ಸೀಸ ಇಷ್ಟರವರೆಗೆ ತೊಂದರೆ ಇಲ್ಲ ಅನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಕಲಿಕೆಗೇ ಅದು ಏಟು ಕೊಡುವುದು. ಆ ಹುಡುಗನಿಗೆ ಮಗ್ಗಿ ಬಾರದ್ದಕ್ಕೆ ನಾನು ಎಷ್ಟು ಸಲ ಹೊಡೆದಿದ್ದೇನೋ. ಕಾರಣ ಸೀಸವೇ ಅಂತ ಹೇಳಲಾರೆ, ಆದರೆ ನೆನಪಾದರೆ ಕೈ ನೋಯುತ್ತದೆ.

ಈಗ ತಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ.

ಕೇರಳದಲ್ಲಿ 2018ರಲ್ಲಿ ಮೀನಿಗೆ ಕೆಡದಂತೆ ಫಾರ್ಮಲಿನ್ ಹಾಕಿದ ಸುದ್ದಿ ಎದ್ದಾಗ ಆಹಾರ ಸುರಕ್ಷಾ ಇಲಾಖೆ 'ಆಪರೇಶನ್ ಸಾಗರ್ ರಾಣಿ' ಅಂತ ತಪಾಸಣೆ ಮಾಡಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಕಾಗದದ ಪಟ್ಟಿಯ ಕಿಟ್ ಮಾಡಿದರು. ಫಾರ್ಮಲಿನ್, ಅಮೋನಿಯಾ ಇದ್ದರೆ ಕೆಲವೇ ನಿಮಿಷದಲ್ಲಿ ಬಣ್ಣ ಬದಲಾಗುತ್ತದೆ. ಒಳ್ಳೆ ಕೆಲಸ. ಆದರೆ ಆ ಪಟ್ಟಿ ಪಾದರಸ ಹೇಳುವುದಿಲ್ಲ, ಕ್ಯಾಡ್ಮಿಯಂ ಹೇಳುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು, ದೊಡ್ಡ ಯಂತ್ರ ಬೇಕು. ನಾನು ಒಂದು ಕಚೇರಿಗೆ ಹೋಗಿ ಈ ಲೋಹಗಳ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ, "ಫಾರ್ಮಲಿನ್ ಇಲ್ಲ ಟೀಚರೇ, ಧೈರ್ಯವಾಗಿ ತಿನ್ನಿ." ಜ್ವರ ಇಲ್ಲ ಅಂದಮಾತ್ರಕ್ಕೆ ಮುರಿದ ಕಾಲು ಸರಿ ಇದೆ ಅಂತ ಆಗುತ್ತದಾ?

ಪರದೇಶಕ್ಕೆ ಹೋಗುವ ಮೀನಿಗೆ ಈ ಲ್ಯಾಬ್ ಪರೀಕ್ಷೆ ಇದೆ. ಭಾರತದಿಂದ ಹೋದ ಬೊಂಡಾಸ್ ಜಾತಿಯ ಸರಕಿನಲ್ಲಿ ಕ್ಯಾಡ್ಮಿಯಂ ಜಾಸ್ತಿ ಅಂತ ಯುರೋಪಿನವರು ತಕರಾರು ತೆಗೆದದ್ದೂ ಇದೆ. ಅವರ ತಟ್ಟೆಗೆ ಇರುವ ಕಾಳಜಿ ನಮ್ಮ ತಟ್ಟೆಗೂ ಇರಲಿ ಅಂದರೆ ಅದು ದೊಡ್ಡ ಬೇಡಿಕೆ ಅಲ್ಲ ಅಂದುಕೊಂಡಿದ್ದೇನೆ.

ನಮ್ಮದು ಗಡಿ ಬೇರೆ. ಕರ್ನಾಟಕದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 1ರಿಂದ 61 ದಿನ, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಬೋಟು ನಿಂತಾಗ ಎಲ್ಲೆಲ್ಲಿಂದಲೋ ಐಸ್ ಹಾಕಿದ ಮೀನು ಬರುತ್ತದೆ. ಉಳಿದ ದಿನಗಳಲ್ಲೂ ಮಂಗಳೂರು ಧಕ್ಕೆಯ ಮೀನು ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆಗೆ ಬರುತ್ತದೆ, ನಮ್ಮದು ಅತ್ತ ಹೋಗುತ್ತದೆ. ಏನಾದರೂ ಕೇಳಿದರೆ ಆಚೆಯವರು ಈಚೆ ತೋರಿಸುತ್ತಾರೆ, ಈಚೆಯವರು ಆಚೆ. ಮೀನಿಗೆ ರಾಜ್ಯ ಯಾವುದು? ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯವರ ಜೊತೆ ಕೂತು ಒಂದೇ ಪಟ್ಟಿ ಮಾಡುವುದು ತಮ್ಮಿಂದಲೇ ಆಗಬೇಕು.

ಹೇಳದಿದ್ದರೆ ಏನಾಗುತ್ತದೆ ಅನ್ನುವುದನ್ನು 2025ರ ಮೇ ತಿಂಗಳಲ್ಲಿ ನೋಡಿದೆವು. ಕೊಚ್ಚಿಯ ಹತ್ತಿರ 640 ಕಂಟೇನರ್‌ಗಳಿದ್ದ ಎಲ್ಸಾ 3 ಹಡಗು ಮುಳುಗಿತು. ಜೂನ್ 9ಕ್ಕೆ ಕಣ್ಣೂರಿನ ಆಚೆ ಕಡಲಲ್ಲಿ ಇನ್ನೊಂದು ಹಡಗಿಗೆ ಬೆಂಕಿ. ಮೀನು ತಿನ್ನಬೇಡಿ ಅಂತ ವಾಟ್ಸಾಪಿನಲ್ಲಿ ಬಂದದ್ದೆಲ್ಲ ಜನರಿಗೆ ವೇದವಾಕ್ಯ. ನಮ್ಮ ಬೀದಿಗೆ ಮೀನು ತರುವ ಅಕ್ಕ ಕೊಯಿಪ್ಪಾಡಿಯವರು. ಬುಟ್ಟಿ ತುಂಬ ಬಂಗುಡೆ ಹೊತ್ತುಕೊಂಡು ಮನೆ ಮನೆಯಲ್ಲೂ "ಇವತ್ತು ಬೇಡ" ಅನಿಸಿಕೊಂಡು ಬಂದರು. ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದರು. "ಕಡಲಲ್ಲಿ ಏನಿದೆ ಅಂತ ನನಗೆ ಗೊತ್ತಾ ಟೀಚರೇ? ಗೊತ್ತಿದ್ದವರು ಹೇಳಿದರೆ ನಾನೂ ಮನೆ ಮನೆಯಲ್ಲಿ ಹೇಳುತ್ತಿದ್ದೆ" ಅಂದರು. ಸರಿಯಾದ ಸಂಖ್ಯೆ ಕೈಯಲ್ಲಿದ್ದರೆ ಮೊದಲು ಉಳಿಯುವುದು ಅವರ ವ್ಯಾಪಾರ. ಪರೀಕ್ಷೆ ಮಾಡಿದರೆ ಮೀನುಗಾರರ ಹೊಟ್ಟೆಗೆ ಹೊಡೆತ ಅನ್ನುವವರು ಅವರನ್ನು ಕೇಳಿ ನೋಡಲಿ.

ಈ ಜಿಲ್ಲೆಯವರಿಗೆ ಒಂದು ಹಳೆ ಗಾಯವೂ ಇದೆ. ಎಂಡೋಸಲ್ಫಾನ್ ಕೀಟನಾಶಕ, ಲೋಹ ಅಲ್ಲ, ಮೀನಿಗೂ ಅದಕ್ಕೂ ನಾನು ಗಂಟು ಹಾಕುವುದಿಲ್ಲ. ಆದರೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ 'ಮದ್ದು' ಬಿಟ್ಟದ್ದು 1970ರ ದಶಕದಿಂದ 2000ದವರೆಗೆ. ಎಣ್ಮಕಜೆ, ಪಡ್ರೆ ಕಡೆಯ ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಕಚೇರಿ ಕಚೇರಿ ಅಲೆದದ್ದನ್ನು ಕಂಡವರು ನಾವು. ಅಳತೆ ಮಾಡಿ ನೋಡುವ ಕೆಲಸ ತಡವಾದರೆ ಸಾಬೀತು ಮಾಡುವ ಹೊರೆ ತಾಯಿಯ ಸೊಂಟದ ಮೇಲೆ ಬೀಳುತ್ತದೆ. ಅದಕ್ಕೇ ಕಾಯಿಲೆ ಏನೂ ಕಾಣದ ಈ ಹೊತ್ತಿನಲ್ಲೇ ಕೇಳುತ್ತಿದ್ದೇನೆ.

ಮಂಜೇಶ್ವರ, ಕಾಸರಗೋಡು, ಮಡಕ್ಕರ ಬಂದರುಗಳಲ್ಲಿ ಮಳೆಗೆ ಮೊದಲು ಒಂದು ಸಲ, ಮಳೆ ಕಳೆದು ಒಂದು ಸಲ ಮೀನಿನ ಸ್ಯಾಂಪಲ್ ತೆಗೆಸಿ. ಸಣ್ಣ ಅಂಜಲ್ ಬೇರೆ, ದೊಡ್ಡ ಅಂಜಲ್ ಬೇರೆ ಇರಲಿ. ಕೇದರ್, ತಾಟೆ, ಬಂಗುಡೆ, ಬೂತಾಯಿ, ಬೊಂಡಾಸ್, ಏಡಿ, ಅಳಿವೆಯ ಮರುವಾಯಿ ಸೇರಲಿ. ಲ್ಯಾಬ್‌ಗೆ ಅಮೆರಿಕಕ್ಕೆ ಹೋಗಬೇಕಿಲ್ಲ, ಕೊಚ್ಚಿಯಲ್ಲಿ ಕೇಂದ್ರದ ಮೀನು ಸಂಸ್ಥೆಗಳಿವೆ, ಕೋಝಿಕ್ಕೋಡಿನಲ್ಲಿ ಸರ್ಕಾರದ ಆಹಾರ ಪರೀಕ್ಷಾ ಲ್ಯಾಬ್ ಇದೆ, ನಮ್ಮ ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬಂದ ಸಂಖ್ಯೆಯನ್ನು ಫೈಲಿನಲ್ಲಿ ಇಡಬೇಡಿ. ಬಂದರಿನಲ್ಲಿ, ಮೀನು ಮಾರ್ಕೆಟಿನಲ್ಲಿ ಹಲಗೆ ಹಾಕಿ ಬರೆಸಿ.

ಮತ್ತೆ ಆ ಹಲಗೆ ಕನ್ನಡದಲ್ಲೂ ಇರಲಿ, ಮಲಯಾಳದಲ್ಲೂ ಇರಲಿ. ಭಾಷೆಯ ಅಭಿಮಾನದ ಮಾತು ಇದಲ್ಲ. ಈ ಜಿಲ್ಲೆಯಲ್ಲಿ ಒಂದೇ ಮೀನಿಗೆ ಎರಡು ಮೂರು ಹೆಸರು. ನಮ್ಮ ಬೂತಾಯಿ ಅವರ ಮತ್ತಿ, ನಮ್ಮ ಬಂಗುಡೆ ಅವರ ಅಯಿಲ, ನಮ್ಮ ಅಂಜಲ್ ಅವರ ಅಯಕ್ಕೂರ. ಹೆಸರು ತಪ್ಪಿದರೆ ಏನಾಗುತ್ತದೆ ಅಂತ ಮೇಲೆಯೇ ಹೇಳಿದ್ದೇನೆ. ಓದಲು ಬಾರದವರಿಗೆ ಮೀನಿನ ಚಿತ್ರ ಹಾಕಿ. ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಯರಿಗೆ ತುಳುವಿನಲ್ಲಿ ಬಾಯಿಮಾತಿನಲ್ಲಿ ಹೇಳುವಷ್ಟು ಕಲಿಸಿ. ಮದುವೆಯಾದ ಹುಡುಗಿಯರಿಗೆ ಬಸುರಾಗುವ ಮೊದಲೇ ಹೇಳಬೇಕು, ಯಾಕೆಂದರೆ ಮೈಗೆ ಸೇರಿದ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು ಎರಡು ತಿಂಗಳು ಬೇಕು. ಸೀಸ ಕರಗಿಸುವವರಿಗೆ ಮನೆಯಿಂದ ದೂರ ಒಂದು ಜಾಗ ಮಾಡಿಕೊಟ್ಟರೆ, ಇಲ್ಲ ಬೇರೆ ಲೋಹದ ಗುಂಡು ಕಡಿಮೆ ಬೆಲೆಗೆ ಸಿಗುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು.

ಮಗಳ ಬಯಕೆ ಮುಂದಿನ ತಿಂಗಳು. ಅವತ್ತು ನಮ್ಮಲ್ಲಿ ಬೂತಾಯಿ ಪುಳಿಮುಂಚಿ ಮತ್ತು ಬಂಗುಡೆ ಫ್ರೈ ಅಂತ ನಿಶ್ಚಯ ಆಗಿದೆ. ಮೀನಿನ ಅಕ್ಕನಿಗೆ ಹೇಳಿಯೂ ಆಗಿದೆ. ಅಂಜಲ್ ಯಾಕಿಲ್ಲ ಅಂತ ಅಳಿಯನ ತಾಯಿ ಕೇಳಿಯೇ ಕೇಳುತ್ತಾರೆ. ಅಷ್ಟರಲ್ಲಿ ತಮ್ಮ ಹಲಗೆ ಬಂದಿದ್ದರೆ ಅದನ್ನು ತೋರಿಸುತ್ತೇನೆ. ಬಂದಿಲ್ಲದಿದ್ದರೆ ಈ ಪತ್ರ ಓದಿ ಹೇಳುತ್ತೇನೆ.

ಇತಿ,
ಕುಂಬಳೆ ಕಡೆಯ ಒಬ್ಬ ನಿವೃತ್ತ ಟೀಚರ್